ಅಪೀಲು ಕಾಗದ ಓದುತ್ತದೆ, ಮುಖ ನೋಡುವುದಿಲ್ಲ

ತಮ್ಮಾ,

ನಿಮ್ಮಣ್ಣನಿಗೆ ಜೀವಾವಧಿ ಆಯಿತು ಅನ್ನುವ ಸುದ್ದಿ ದಾವಣಗೆರೆಯಿಂದ ಹೊರಟ ಬಸ್ಸಿಗಿಂತ ಮೊದಲೇ ಲೋಕಿಕೆರೆ ಮುಟ್ಟಿತ್ತು. ಅವತ್ತಿನಿಂದ ನಿಮ್ಮ ಮನೆ ಜಗಲಿ ಮೇಲೆ ಕೂತವರೆಲ್ಲ ವಕೀಲರೇ ಆಗಿದ್ದಾರೆ. ಒಬ್ಬ, ಹೈಕೋರ್ಟಿನಲ್ಲಿ ಕೇಸು ಮತ್ತೆ ಮೊದಲಿನಿಂದ ನಡೆಯುತ್ತದೆ, ಆಗ ಬೇರೆ ಸಾಕ್ಷಿ ಕೊಟ್ಟರಾಯಿತು ಅನ್ನುತ್ತಾನೆ. ಇನ್ನೊಬ್ಬ, ಸುಮ್ಮನಿರ್ರಪ್ಪ, ಮೇಲೆ ಹೋದರೆ ಜೀವಾವಧಿ ಗಲ್ಲಾಗುತ್ತದೆ ಅನ್ನುತ್ತಾನೆ. ಮೂರನೆಯವನು ದನಿ ತಗ್ಗಿಸಿ, ಬೆಂಗಳೂರಿನಲ್ಲಿ ನನಗೆ ಗೊತ್ತಿರುವವರಿದ್ದಾರೆ, ಎರಡು ಲಕ್ಷ ಹೊಂದಿಸಿ ಅನ್ನುತ್ತಾನೆ. ಮೊದಲಿನ ಎರಡು ಮಾತು ತಪ್ಪು. ಮೂರನೆಯದು ತಪ್ಪಷ್ಟೇ ಅಲ್ಲ, ನಿಮ್ಮ ಅಡಿಕೆ ತೋಟ ಮಾರಿಸುವ ಮಾತು. ದಾವಣಗೆರೆ ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದವನು ನಾನು. ಕೇಸಿನ ಕಡತಗಳನ್ನು ಪುಟ ಹಾಕಿಸಿ, ಹೊಲಿಸಿ ಹೈಕೋರ್ಟಿಗೆ ಕಳಿಸುವುದು ನನ್ನ ಕೆಲಸವಾಗಿತ್ತು. ವಕೀಲನಲ್ಲ, ಆದರೆ ಮೇಲಕ್ಕೆ ಹೋಗುವುದು ಏನು, ಹೋಗದೆ ಇಲ್ಲೇ ಉಳಿಯುವುದು ಏನು ಅಂತ ಬಲ್ಲೆ. ಅದನ್ನಷ್ಟು ಹೇಳುತ್ತೇನೆ, ಕೇಳು.

ಮೊದಲು ತೀರ್ಪಿನ ನಕಲು. ಜೈಲುಶಿಕ್ಷೆ ಕೊಟ್ಟ ಕೋರ್ಟು, ತೀರ್ಪು ಹೇಳಿದ ಕೂಡಲೇ ಅದರ ಒಂದು ಪ್ರತಿಯನ್ನು ಶಿಕ್ಷೆಯಾದವನಿಗೆ ಪುಕ್ಕಟೆ ಕೊಡಬೇಕು. ಇದು ದಯೆಯಲ್ಲ, ಕಾನೂನು. ನಿಮ್ಮಣ್ಣನಿಗೂ ಕೊಟ್ಟಿರುತ್ತಾರೆ, ಜೈಲಿನಲ್ಲಿ ಅವನ ಚೀಲದಲ್ಲಿರುತ್ತದೆ, ಸಂದರ್ಶನಕ್ಕೆ ಹೋದಾಗ ಕೇಳಿ ಇಸಿದುಕೊ. ಸಾಕ್ಷಿಗಳ ಹೇಳಿಕೆ, ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಇವುಗಳಿಗೆ ವಕೀಲರ ಕೈಲಿ ಬೇರೆ ನಕಲು ಅರ್ಜಿ ಹಾಕಿಸಬೇಕು. ಸೆಷನ್ಸ್ ಕೋರ್ಟಿನ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಅಪೀಲು ಹಾಕಲು 60 ದಿನ ಗಡುವು. ಗಲ್ಲುಶಿಕ್ಷೆಯಾಗಿದ್ದರೆ 30 ದಿನ. ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಸೆಷನ್ಸ್ ಕೋರ್ಟಿಗೆ ಹೋಗುವುದಾದರೂ 30 ದಿನವೇ. ತೀರ್ಪಿನ ದೃಢೀಕೃತ ನಕಲು ಸಿಗಲು ಹಿಡಿದ ದಿನಗಳನ್ನು ಈ ಗಡುವಿನಲ್ಲಿ ಎಣಿಸುವುದಿಲ್ಲ. ಅದಕ್ಕೇ ನಕಲಿನ ಹಿಂಬದಿಯಲ್ಲಿ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ ಅಂತ ಮುದ್ರೆ ಒತ್ತಿರುವುದು. ಗಡುವು ಮೀರಿದರೆ ಕಾರಣ ಹೇಳಿ ಮನ್ನಿಸಿ ಅಂತ ಕೇಳಬಹುದು, ಜೈಲಿನಲ್ಲಿರುವವರ ವಿಚಾರದಲ್ಲಿ ಕೋರ್ಟು ಬಿಗಿ ಹಿಡಿಯುವುದೂ ಕಡಿಮೆ. ಹಾಗಂತ ಕುಯಿಲು ಮುಗಿಯಲಿ, ಜಾತ್ರೆ ಮುಗಿಯಲಿ ಅಂತ ಕೂರಬೇಡ.

ಈ ನಕಲಿನ ಹಕ್ಕು ಹೀಗೆ ಗಟ್ಟಿಯಾದದ್ದರಲ್ಲಿ ನಮ್ಮ ಧಾರವಾಡದ ಎಳೆಯೊಂದಿದೆ. ಹೊಸಕೋಟ್ ಎಂಬ ಹೆಸರಿನ ಪಿಎಚ್.ಡಿ. ಮಾಡಿದ ಮನುಷ್ಯ, ಸೌರಾಷ್ಟ್ರ ವಿಶ್ವವಿದ್ಯಾಲಯದಲ್ಲಿ ರೀಡರ್. ಮುಂಬಯಿಯ ಬ್ಲಾಕ್ ಮಾಡುವ ಅಂಗಡಿಗೆ ಹೋಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಉಬ್ಬುಮುದ್ರೆ ಮಾಡಿಕೊಡಿ ಅಂದ. ಕುಲಪತಿಗಳ ಕಚೇರಿಯಿಂದ ಬಂದದ್ದು ಅಂತ ಖೊಟ್ಟಿ ಪತ್ರವನ್ನೂ ತೋರಿಸಿದ. ಪದವಿ ಪತ್ರ ಖೊಟ್ಟಿ ಮಾಡುವ ಹುನ್ನಾರ. ಸೆಷನ್ಸ್ ಕೋರ್ಟು ಅವನನ್ನು ತಪ್ಪಿತಸ್ಥ ಅಂತ ಹೇಳಿಯೂ ಕೊಟ್ಟ ಶಿಕ್ಷೆ ಕೋರ್ಟು ಏಳುವ ತನಕ ಕೂತಿರುವುದು, ಜೊತೆಗೊಂದು ದಂಡ. ಅಷ್ಟಕ್ಕೆ ಅವನೂ ಸುಮ್ಮನಾಗಲಿಲ್ಲ, ಸರ್ಕಾರವೂ ಸುಮ್ಮನಾಗಲಿಲ್ಲ. ಇಬ್ಬರೂ ಅಪೀಲು ಹೋದರು. 1973ರಲ್ಲಿ ಬಾಂಬೆ ಹೈಕೋರ್ಟು ಅವನ ಅಪೀಲನ್ನು ವಜಾ ಮಾಡಿ, ಸರ್ಕಾರದ ಅಪೀಲನ್ನು ಪುರಸ್ಕರಿಸಿ ಶಿಕ್ಷೆಯನ್ನು 3 ವರ್ಷಕ್ಕೇರಿಸಿತು. ಅವನು ಸುಪ್ರೀಂ ಕೋರ್ಟಿಗೆ ಬಂದದ್ದು ನಾಲ್ಕು ವರ್ಷದ ಮೇಲೆ, ಅಷ್ಟೊತ್ತಿಗೆ ಜೈಲುವಾಸವೇ ಮುಗಿದಿತ್ತು. ಯಾಕೆ ತಡ ಅಂದರೆ ಹೈಕೋರ್ಟ್ ತೀರ್ಪಿನ ಪ್ರತಿ ಸಮಯಕ್ಕೆ ತನ್ನ ಕೈ ಸೇರಲಿಲ್ಲ ಅಂದ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವನ ಅರ್ಜಿಯನ್ನು ವಜಾ ಮಾಡಿದರು. ಆದರೆ ಅದೇ 1978ರ ತೀರ್ಪಿನಲ್ಲಿ, ಕೈದಿಗೆ ತೀರ್ಪಿನ ಪ್ರತಿ ಪುಕ್ಕಟೆ ಸಕಾಲದಲ್ಲಿ ಸಿಗಬೇಕು, ವಕೀಲರನ್ನಿಡಲು ಶಕ್ತಿಯಿಲ್ಲದಿದ್ದರೆ ಸರ್ಕಾರವೇ ವಕೀಲರನ್ನು ಕೊಡಬೇಕು, ಒಂದು ಅಪೀಲಿನ ಅವಕಾಶವಾದರೂ ಇರುವುದು ನ್ಯಾಯವಾದ ನಡಾವಳಿಯ ಭಾಗ ಅಂತ ಸಾರಿದರು. ಆ ಮನುಷ್ಯನಿಗೆ ಏನೂ ದಕ್ಕಲಿಲ್ಲ, ದೇಶದ ಕೈದಿಗಳಿಗೆಲ್ಲ ದಕ್ಕಿತು. ಕೋರ್ಟಿನ ಚರಿತ್ರೆಯಲ್ಲಿ ಇಂಥ ವಿಚಿತ್ರಗಳು ಬಹಳ.

ಅಪೀಲು ಎಲ್ಲಿಗೆ? ಹರಿಹರದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಶಿಕ್ಷೆಯಾದರೆ ದಾವಣಗೆರೆಯ ಸೆಷನ್ಸ್ ಕೋರ್ಟಿಗೆ. ಸೆಷನ್ಸ್ ಕೋರ್ಟೇ ವಿಚಾರಣೆ ಮಾಡಿ ಶಿಕ್ಷೆ ಕೊಟ್ಟಿದ್ದರೆ ಹೈಕೋರ್ಟಿಗೆ. ನಿಮ್ಮದು ಕೊಲೆ ಕೇಸು, ಹೈಕೋರ್ಟೇ. ಜೀವಾವಧಿ ಆದ್ದರಿಂದ ಇಬ್ಬರು ನ್ಯಾಯಮೂರ್ತಿಗಳ ಪೀಠ ಕೇಳುತ್ತದೆ. ಧಾರವಾಡ ಹತ್ತಿರ, ಅಲ್ಲಿಗೇ ಹಾಕೋಣ ಅಂತ ನಿಮ್ಮ ಮಾವ ಅಂದರಂತೆ. ಆಗುವುದಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಧಾರವಾಡ ಪೀಠದ ವ್ಯಾಪ್ತಿಗೆ ಹಾವೇರಿ ಜಿಲ್ಲೆ ಸೇರುತ್ತದೆ, ದಾವಣಗೆರೆ ಸೇರುವುದಿಲ್ಲ. ನಮಗೆ ಬೆಂಗಳೂರೇ. ಹಿಂದೆಯೂ ಹೀಗೇ ಇತ್ತು: 1956ರ ತನಕ ಹರಿಹರದ ಸೇತುವೆಯ ಈಚೆಗೆ ಮೈಸೂರು ಸೀಮೆ, ಆಚೆಗೆ ಮುಂಬಯಿ ಪ್ರಾಂತ್ಯ. ಈಚೆಯವನ ಅಪೀಲು ಬೆಂಗಳೂರಿಗೆ, ರಾಣೆಬೆನ್ನೂರಿನವನ ಅಪೀಲು ಮುಂಬಯಿಗೆ. ರಾಜ್ಯ ಒಂದಾಗಿ ಇಷ್ಟು ವರ್ಷವಾದರೂ ಅಪೀಲಿನ ದಾರಿ ತುಂಗಭದ್ರೆಯ ಬಳಿ ಇನ್ನೂ ಕವಲೊಡೆಯುತ್ತದೆ ನೋಡು.

ಇನ್ನು ಮುಖ್ಯ ವಿಷಯ. ಹೈಕೋರ್ಟಿನಲ್ಲಿ ಏನು ನಡೆಯುತ್ತದೆ?

ಸಾಕ್ಷಿಗಳು ಅಲ್ಲಿ ಕಟಕಟೆ ಹತ್ತುವುದಿಲ್ಲ. ನಿಮ್ಮಣ್ಣನ ಮುಖವನ್ನು ನ್ಯಾಯಮೂರ್ತಿಗಳು ನೋಡದೇ ಹೋಗಬಹುದು. ನಿಮ್ಮವ್ವ ಅಲ್ಲಿ ಹೋಗಿ ಅತ್ತರೂ ಅದು ಕಡತಕ್ಕೆ ಸೇರುವುದಿಲ್ಲ. ಅವರ ಮುಂದೆ ಇರುವುದು ಕೆಳಗಿನ ಕೋರ್ಟಿನ ಕಡತ: ದೂರು, ಮಹಜರು, ಸಾಕ್ಷಿಗಳ ಹೇಳಿಕೆ, ಪಾಟೀಸವಾಲು, ವೈದ್ಯರ ವರದಿ, ಮುದ್ದೆಮಾಲಿನ ಪಟ್ಟಿ, ಕೊನೆಗೆ ತೀರ್ಪು. ಅದನ್ನು ಅವರು ಮತ್ತೆ ಓದಿ ತೂಗುತ್ತಾರೆ. ಕಡತದಲ್ಲಿ ಇದ್ದದ್ದು ಇದೆ, ಇಲ್ಲದ್ದು ಇಲ್ಲ.

ಅಮೆರಿಕದಲ್ಲಿರುವ ನಮ್ಮ ಸಂಬಂಧಿಕರ ಹುಡುಗ ಫೋನಿನಲ್ಲಿ ನಿನಗೆ, ಅಪೀಲಿನಲ್ಲಿ ಸಾಕ್ಷ್ಯ ನೋಡುವುದೇ ಇಲ್ಲ, ಕಾನೂನಿನ ತಪ್ಪು ಮಾತ್ರ ನೋಡುತ್ತಾರೆ ಅಂದನಂತೆ. ಅವನ ದೇಶದ ಮಟ್ಟಿಗೆ ಹೆಚ್ಚುಕಡಿಮೆ ನಿಜ. ಅಲ್ಲಿ ಯಾರ ಮಾತು ನಿಜ ಅಂತ ತೀರ್ಮಾನಿಸುವುದು ಜ್ಯೂರಿ. ಅಲ್ಲಿಯ ಅಪೀಲು ಕೋರ್ಟು ಸಾಮಾನ್ಯವಾಗಿ ಜ್ಯೂರಿಯ ತೂಕವನ್ನು ಮತ್ತೆ ತೂಗಲು ಹೋಗುವುದಿಲ್ಲ; ಇಷ್ಟು ಸಾಕ್ಷ್ಯದ ಮೇಲೆ ಬುದ್ಧಿಯಿರುವ ಯಾವ ಜ್ಯೂರಿಯಾದರೂ ಶಿಕ್ಷೆಯ ತೀರ್ಮಾನಕ್ಕೆ ಬರಬಹುದಿತ್ತೇ ಅಂತಷ್ಟೇ ನೋಡುತ್ತದೆ. 1979ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಜಾಕ್ಸನ್ ಕೇಸಿನಲ್ಲಿ ಹಾಕಿದ ಗೆರೆ ಅದು. ವಿಚಾರಣೆಯ ಹೊತ್ತಿಗೇ ಆಕ್ಷೇಪ ಎತ್ತದಿದ್ದರೆ ಎಷ್ಟೋ ತಪ್ಪುಗಳನ್ನು ಆಮೇಲೆ ಕೇಳಿಸಿಕೊಳ್ಳುವುದೂ ಇಲ್ಲ. ನಮ್ಮಲ್ಲಿ ಹಾಗಲ್ಲ. ಮೊದಲ ಅಪೀಲಿನಲ್ಲಿ ಸಂಗತಿಯೂ ತೆರೆದಿರುತ್ತದೆ, ಕಾನೂನೂ ತೆರೆದಿರುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ವ್ಯವಸ್ಥೆ ಅವರದ್ದಕ್ಕಿಂತ ಉದಾರಿ ಅಂತ ನನ್ನ ಅಭಿಪ್ರಾಯ. ಆದರೂ ಸಾಕ್ಷಿಯನ್ನು ಕಣ್ಣಾರೆ ಕಂಡು ಕೇಳಿದ ಸೆಷನ್ಸ್ ನ್ಯಾಯಾಧೀಶರ ಅನಿಸಿಕೆಗೆ ಹೈಕೋರ್ಟು ಬೆಲೆ ಕೊಡುತ್ತದೆ. ಸಕಾರಣವಿಲ್ಲದೆ ಅದನ್ನು ತಳ್ಳಿಹಾಕುವುದಿಲ್ಲ.

ಕಾಗದ ಓದುವುದರಲ್ಲಿ ಎಷ್ಟು ಬಲವಿದೆ, ಓದುವಲ್ಲಿ ಎಡವಿದರೆ ಏನಾಗುತ್ತದೆ ಅನ್ನುವುದಕ್ಕೆ ಜಯಲಲಿತಾ ಕೇಸೇ ಸಾಕು. ತಮಿಳುನಾಡಿನಿಂದ ಬೆಂಗಳೂರಿಗೆ ವರ್ಗವಾಗಿ ಬಂದ ಆ ಅಕ್ರಮ ಆಸ್ತಿ ಕೇಸಿನಲ್ಲಿ 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ಜಯಲಲಿತಾಗೂ ಇನ್ನು ಮೂವರಿಗೂ 4 ವರ್ಷ ಜೈಲು, ಜಯಲಲಿತಾಗೆ 100 ಕೋಟಿ ರೂಪಾಯಿ ದಂಡ ಹಾಕಿದರು. 2015ರ ಮೇ 11ರಂದು ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಸಿ.ಆರ್. ಕುಮಾರಸ್ವಾಮಿ ಎಲ್ಲರನ್ನೂ ಖುಲಾಸೆ ಮಾಡಿದರು. ಆದಾಯ ಮೀರಿದ ಆಸ್ತಿ ಶೇಕಡ 8.12 ಮಾತ್ರ, ಶೇಕಡ 10ರ ಒಳಗಿದೆ ಅನ್ನುವುದು ಲೆಕ್ಕ. ಆ ಲೆಕ್ಕದೊಳಗೆ ಬ್ಯಾಂಕ್ ಸಾಲಗಳ ಒಂದು ಪಟ್ಟಿ ಇತ್ತು. ಒಟ್ಟು 24 ಕೋಟಿ 17 ಲಕ್ಷ ಚಿಲ್ಲರೆ ಅಂತ ಬರೆದಿತ್ತು. ಸಾಲುಗಳನ್ನು ಕೂಡಿ ನೋಡಿದರೆ ಬರುವುದು 10 ಕೋಟಿ 67 ಲಕ್ಷ ಚಿಲ್ಲರೆ. ಹದಿಮೂರೂವರೆ ಕೋಟಿ ಕೂಡುವಾಗ ಹುಟ್ಟಿದ್ದು! ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2017ರ ಫೆಬ್ರುವರಿ 14ರಂದು ಕುನ್ಹಾ ಅವರ ತೀರ್ಪೇ ಊರ್ಜಿತವಾಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು. ಉಳಿದ ಮೂವರು ಪರಪ್ಪನ ಅಗ್ರಹಾರಕ್ಕೆ ಹೋದರು. ದೊಡ್ಡ ದೊಡ್ಡ ವಕೀಲರ ವಾದವೆಲ್ಲ ಒಂದು ಕಡೆ, ಕೂಡುವ ಲೆಕ್ಕ ಒಂದು ಕಡೆ.

ಅದಕ್ಕೇ ನಿನಗೆ ಒಂದು ಕೆಲಸ ಹಚ್ಚುತ್ತೇನೆ. ನೀನು ಪಿಯುಸಿ ಓದಿದ್ದೀಯ. ತೀರ್ಪು ಇಂಗ್ಲಿಷಿನಲ್ಲಿದ್ದರೆ ಇರಲಿ, ಸಾಕ್ಷಿಗಳ ಹೇಳಿಕೆ ಕನ್ನಡದಲ್ಲೇ ಇರುತ್ತದೆ. ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು ಓದಲು ಕೂರು. ಪಿ.ಡಬ್ಲ್ಯು. 1 ಅಂದರೆ ಸರ್ಕಾರದ ಕಡೆಯ ಮೊದಲ ಸಾಕ್ಷಿ, ದೂರು ಕೊಟ್ಟವನು. ಅವನು ಜಗಳವಾದಾಗ ಬದುವಿನ ಯಾವ ಕಡೆ ನಿಂತಿದ್ದೆ ಅಂದ? ಮೆಕ್ಕೆಜೋಳ ಆಗ ಎಷ್ಟೆತ್ತರ ಬೆಳೆದಿತ್ತು, ಅದರ ಮೇಲಿನಿಂದ ಕಾಣುತ್ತಿತ್ತೇ, ಸ್ಥಳದ ನಕ್ಷೆ ಏನು ಹೇಳುತ್ತದೆ? ಕೊಡಲಿಯ ಏಟು ಎಷ್ಟು ಅಂದರು, ವೈದ್ಯರು ಎಷ್ಟು ಗಾಯ ಬರೆದರು, ಅವು ಕೊಡಲಿಯ ಬಾಯಿಯಿಂದ ಆದವೋ ಹಿಂಬದಿಯಿಂದ ಆದವೋ? ದೂರು ಠಾಣೆಯಲ್ಲಿ ದಾಖಲಾದದ್ದು ಎಷ್ಟು ಗಂಟೆಗೆ, ಮ್ಯಾಜಿಸ್ಟ್ರೇಟರ ಕೈ ಸೇರಿದ್ದು ಎಷ್ಟು ಗಂಟೆಗೆ? ಕೊಡಲಿ ಸಿಕ್ಕಿದ ಮಹಜರಿನ ಪಂಚರು ಕೋರ್ಟಿನಲ್ಲಿ ಹೌದು ಅಂದರೋ, ಠಾಣೆಯಲ್ಲಿ ಕೂತು ಸಹಿ ಹಾಕಿದೆವು ಅಂದರೋ? ಕೊನೆಗೆ ನ್ಯಾಯಾಧೀಶರು ನಿಮ್ಮಣ್ಣನನ್ನೇ ಪ್ರಶ್ನೆ ಕೇಳಿ ಉತ್ತರ ಬರೆದುಕೊಂಡ ಹಾಳೆಗಳಿರುತ್ತವೆ, ಹಳೆ ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಮಿನದು. ಅವನ ವಿರುದ್ಧದ ಯಾವುದಾದರೂ ಮುಖ್ಯ ಸಂಗತಿಯನ್ನು ಅಲ್ಲಿ ಕೇಳದೇ ಬಿಟ್ಟಿದ್ದು, ತೀರ್ಪಿನಲ್ಲಿ ಅದರ ಮೇಲೇ ಆಧಾರಪಟ್ಟಿದ್ದರೆ ಅದು ನಿಮ್ಮ ವಕೀಲರಿಗೆ ಒಳ್ಳೆ ವಾದ. ಎಲ್ಲವನ್ನೂ ಪುಟದ ನಂಬರ್ ಹಾಕಿ ಬರೆದುಕೊ. ಬೆಂಗಳೂರಿನ ವಕೀಲರು ನಮ್ಮೂರ ಹೊಲ ಕಂಡವರಲ್ಲ. ನಿನ್ನ ನೋಟ್‌ಬುಕ್ ಅವರಿಗೆ ಫೀಸಿಗಿಂತ ಹೆಚ್ಚು ಉಪಕಾರ ಮಾಡುತ್ತದೆ.

ಓದುವಾಗ ಎರಡು ಭ್ರಮೆ ಬೇಡ. ಸತ್ತವನ ತಮ್ಮನೇ ಸಾಕ್ಷಿ, ಸಂಬಂಧಿಕನ ಮಾತನ್ನು ಕೋರ್ಟು ಹೇಗೆ ನಂಬಿತು ಅಂತ ನೀನು ಮೊನ್ನೆ ಕೂಗಾಡಿದೆ. ಹೊಲದಲ್ಲಿ ಜಗಳವಾದರೆ ಅಲ್ಲಿ ಇರುವವರು ಮನೆಯವರೇ ಅಲ್ಲವೇ? ಸಂಬಂಧ ಇದ್ದ ಮಾತ್ರಕ್ಕೆ ಸಾಕ್ಷ್ಯ ಬಿದ್ದುಹೋಗುವುದಿಲ್ಲ, ಎಚ್ಚರಿಕೆಯಿಂದ ಓದುತ್ತಾರೆ ಅಷ್ಟೆ. ಹಾಗೇ ಒಬ್ಬ ಐದು ಗಂಟೆ ಅಂದ, ಇನ್ನೊಬ್ಬ ಐದೂವರೆ ಅಂದ ಅನ್ನುವ ಚಿಲ್ಲರೆ ವ್ಯತ್ಯಾಸಕ್ಕೆ ಕೇಸು ಮುರಿಯುವುದಿಲ್ಲ. ಬುಡಕ್ಕೇ ಹೋಗುವ ವ್ಯತ್ಯಾಸ ಬೇಕು. ಅಂಥದ್ದು ಸಾಕ್ಷಿ ಪೊಲೀಸರಿಗೆ ಕೊಟ್ಟ ಹೇಳಿಕೆಗೂ ಕೋರ್ಟಿನ ಮಾತಿಗೂ ನಡುವೆ ಇದ್ದರೆ, ಪಾಟೀಸವಾಲಿನಲ್ಲಿ ಅದನ್ನು ಅವನ ಮುಂದಿಟ್ಟು ಕೇಳಿರಬೇಕು. ಕೇಳದೇ ಬಿಟ್ಟಿದ್ದನ್ನು ಹೈಕೋರ್ಟಿನಲ್ಲಿ ನಿಂತು, ಸ್ವಾಮಿ ಪೊಲೀಸರ ಮುಂದೆ ಇವನು ಬೇರೆ ಹೇಳಿದ್ದ ಅಂದರೆ ನಡೆಯುವುದಿಲ್ಲ.

ಹೊಸ ಸಾಕ್ಷಿಯ ಮಾತು. ಅಪೀಲು ಕೋರ್ಟಿಗೆ ಹೆಚ್ಚುವರಿ ಸಾಕ್ಷ್ಯ ತೆಗೆದುಕೊಳ್ಳುವ ಅಧಿಕಾರ ಇದೆ. ಆದರೆ ಅದು ನ್ಯಾಯಕ್ಕೆ ಅಗತ್ಯ ಅಂತ ಕೋರ್ಟಿಗೇ ಅನ್ನಿಸಬೇಕು. ವಿಚಾರಣೆಯಲ್ಲಿ ಬಿಟ್ಟ ಬಿರುಕು ಮುಚ್ಚಲು ಅದನ್ನು ಕೊಡುವುದಿಲ್ಲ. ಕೆಳಗೆ ಹಾಳಾದದ್ದನ್ನು ಮೇಲೆ ಸರಿಮಾಡುವುದು ಎಷ್ಟು ಕಷ್ಟ ಅನ್ನುವುದಕ್ಕೆ ಕಂಬಾಲಪಲ್ಲಿ ಇದೆ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲೂಕಿನ ಆ ಊರಿನಲ್ಲಿ 7 ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಒಬ್ಬೊಬ್ಬರೇ ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ಸುಳ್ಳಲ್ಲ, ಕಡತದಲ್ಲಿ ಕೊಂದವರು ಯಾರೂ ಇರಲಿಲ್ಲ. ನನಗೆ ಅದು ಇವತ್ತಿಗೂ ನುಂಗಲಾಗದ ತೀರ್ಪು. ಆದರೆ ಅಪೀಲು ಕೋರ್ಟಿನ ಮಿತಿ ಅದು. ನಿನಗೆ ಯಾಕೆ ಹೇಳಿದೆ ಅಂದರೆ, ನಿಮ್ಮ ಕಡೆಯ ಹುಡುಗರು ಸತ್ತವನ ಮನೆಯ ಸಾಕ್ಷಿಗಳನ್ನು ಕಂಡು, ಈಗಲಾದರೂ ಅಫಿಡವಿಟ್ ಕೊಡಿ ಅಂತ ಕೇಳುತ್ತಿದ್ದಾರಂತೆ. ತಕ್ಷಣ ನಿಲ್ಲಿಸು. ಅಂಥ ಅಫಿಡವಿಟ್ಟಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ, ಬೆದರಿಸಿದರು ಅಂತ ಇನ್ನೊಂದು ಕೇಸಾದರೆ ಜಾಮೀನು ಕನಸಾಗುತ್ತದೆ.

ನಿಮಗೆ ಏನು ಸಿಗಬಹುದು? ನಿಮ್ಮಣ್ಣ ಕೊಡಲಿ ಎತ್ತಲಿಲ್ಲ ಅಂತ ನಾನು ಹೇಳಲಾರೆ, ನೀನೂ ಎದೆ ಮುಟ್ಟಿಕೊಂಡು ಹೇಳಲಾರೆ. ಪೂರಾ ಖುಲಾಸೆಯ ಆಸೆ ನಿಮ್ಮವ್ವನಿಗೆ ಹಚ್ಚಬೇಡ. ಆದರೆ ಅಪೀಲು ಅಂದರೆ ಒಳಗೋ ಹೊರಗೋ ಅನ್ನುವ ಎರಡೇ ಬಾಗಿಲಲ್ಲ. ಶಿಕ್ಷೆ ರದ್ದು ಮಾಡಬಹುದು, ಮರುವಿಚಾರಣೆಗೆ ಕಳಿಸಬಹುದು, ಅಪರಾಧದ ಕಲಮನ್ನೇ ಬದಲಿಸಬಹುದು. ನಮ್ಮ ಕಡೆಯ ಹೊಲದ ಜಗಳಗಳಲ್ಲಿ ಮುಖ್ಯವಾಗಿ ವಾದ ನಿಲ್ಲುವುದು ಈ ಮೂರನೆಯದರ ಮೇಲೆ. ಜಗಳ ನಡೆದದ್ದು ಹೊಸ ಸಂಹಿತೆ ಜಾರಿಗೆ ಬಂದ 2024ರ ಜುಲೈಗೆ ಮೊದಲು, ಹಾಗಾಗಿ ನಿಮಗೆ ಹಳೆ ದಂಡಸಂಹಿತೆಯ 302. ಮುಂಚೆ ಸಂಚು ಮಾಡಿರಲಿಲ್ಲ, ದಿಢೀರನೆ ಜಗಳ ಹತ್ತಿತು, ಸಿಟ್ಟಿನ ಭರದಲ್ಲಿ ಏಟು ಬಿತ್ತು, ಕ್ರೂರವಾಗಿ ಮೇಲುಗೈ ಸಾಧಿಸಲಿಲ್ಲ ಅಂತ ಕಡತದಿಂದಲೇ ತೋರಿಸಿದರೆ ಅದು ಕೊಲೆಯಲ್ಲದ ನರಹತ್ಯೆ, 304 ಆಗುತ್ತದೆ. ಅದರ ಎರಡನೇ ಭಾಗಕ್ಕೆ ಬಂದರೆ ಜೈಲು 10 ವರ್ಷ ಮೀರುವಂತಿಲ್ಲ. ಕೊಡಲಿಯನ್ನು ಮನೆಯಿಂದ ತಂದದ್ದೋ, ಹೊಲದ ಕೆಲಸಕ್ಕೆ ಅಂತ ಮೊದಲೇ ಅಲ್ಲಿದ್ದದ್ದೋ? ಒಂದೇ ಏಟೋ, ಬಿದ್ದವನ ಮೇಲೆ ಮತ್ತೆ ಹೊಡೆದದ್ದೋ? ನಿಮ್ಮಣ್ಣನ ಹತ್ತು ಹನ್ನೆರಡು ವರ್ಷ ಇಂಥ ಪ್ರಶ್ನೆಗಳ ಮೇಲೆ ನಿಂತಿದೆ. ಹಿರಿಯರು ಕೂತು ರಾಜಿ ಮಾಡಿದರೆ ಆಗದೇ ಅಂತ ನಿಮ್ಮಪ್ಪ ಕೇಳಿದ. ಕೊಲೆ ಕೇಸಿನಲ್ಲಿ ಕಾನೂನು ರಾಜಿ ಒಪ್ಪುವುದಿಲ್ಲ, ಅಪೀಲಿನಲ್ಲೂ ಇಲ್ಲ.

ಗಲ್ಲಾಗುತ್ತದೆ ಅನ್ನುವ ಹೆದರಿಕೆ ಬಿಡು. ಶಿಕ್ಷೆಯಾದವನು ತಾನೇ ಹಾಕಿದ ಅಪೀಲಿನಲ್ಲಿ ಅವನ ಶಿಕ್ಷೆ ಹೆಚ್ಚಿಸಲು ಬರುವುದಿಲ್ಲ ಅಂತ ಕಾನೂನೇ ಹೇಳಿದೆ. ಹೆಚ್ಚಿಸಬೇಕಾದರೆ ಸರ್ಕಾರ ಬೇರೆ ಅಪೀಲು ಹಾಕಬೇಕು, ನಿಮ್ಮಣ್ಣನಿಗೆ ಯಾಕೆ ಹೆಚ್ಚಿಸಬಾರದು ಅಂತ ಹೇಳುವ ಅವಕಾಶ ಕೊಡಬೇಕು. ಆ ಹೊಸಕೋಟನಿಗೆ ಆದದ್ದು ಹಾಗೆ.

ಈಗ ಜಾಮೀನು, ಎಲ್ಲರೂ ಮೊದಲು ಕೇಳುವುದು ಇದನ್ನೇ. ಅಪೀಲು ಹಾಕಿದ ಮೇಲೆ, ಅದು ತೀರ್ಮಾನವಾಗುವ ತನಕ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡಿ ಅಂತ ಜೊತೆಗೊಂದು ಅರ್ಜಿ ಹಾಕುತ್ತಾರೆ. ಇದೇ ಕೇಸಿನಲ್ಲಿ ನಿನ್ನ ಚಿಕ್ಕಪ್ಪನ ಮಗನಿಗೆ ಒಂದು ವರ್ಷ ಶಿಕ್ಷೆಯಷ್ಟೇ. ಮೂರು ವರ್ಷದ ಒಳಗಿನ ಶಿಕ್ಷೆಯಾದರೆ, ಮೊದಲೇ ಜಾಮೀನಿನ ಮೇಲಿದ್ದವನನ್ನು ಅಪೀಲು ಹಾಕುವಷ್ಟು ಕಾಲ ಶಿಕ್ಷೆ ಕೊಟ್ಟ ಕೋರ್ಟೇ ಬಿಡಬಹುದು, ಅವನು ಮನೆಗೆ ಬಂದದ್ದು ಹಾಗೆ. ಜೀವಾವಧಿಗೆ ಅಷ್ಟು ಸಲೀಸಲ್ಲ, ಸರ್ಕಾರಿ ವಕೀಲರ ಆಕ್ಷೇಪ ಕೇಳಿಯೇ ತೀರ್ಮಾನ. ಅಪೀಲು ವರ್ಷಗಟ್ಟಲೆ ಬಾಕಿ ಉಳಿಯುತ್ತದಾದರೆ ಕೈದಿಯನ್ನು ಒಳಗೇ ಕೊಳೆಸುವುದು ನ್ಯಾಯವಲ್ಲ ಅಂತ 1977ರಲ್ಲೇ ಕಾಶ್ಮೀರಾ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಕೀಲರು ಅದನ್ನು ಎತ್ತುತ್ತಾರೆ. ಗಂಗಾವತಿ ತಾಲೂಕಿನ ಮರಕುಂಬಿ ನೆನಪಿರಬೇಕು. 2014ರ ಜಾತಿ ಗಲಭೆಯ ಕೇಸಿನಲ್ಲಿ 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಒಟ್ಟಿಗೆ ಜೀವಾವಧಿ ಹಾಕಿತು. ಮುಂದಿನ ತಿಂಗಳೇ ಧಾರವಾಡ ಪೀಠ 97 ಜನರಿಗೆ ಜಾಮೀನು ಕೊಟ್ಟಿತು. ಕೇಸು ಬಿದ್ದುಹೋಯಿತು ಅಂತ ನಮ್ಮೂರಿನಲ್ಲೂ ಮಾತಾಡಿಕೊಂಡರು. ಬಿದ್ದಿರಲಿಲ್ಲ. ಶಿಕ್ಷೆ ಅನುಭವಿಸುವುದು ನಿಂತಿತ್ತು, ತಪ್ಪಿತಸ್ಥರು ಅನ್ನುವ ತೀರ್ಪು ಹಾಗೇ ಇತ್ತು. ಈ ವ್ಯತ್ಯಾಸ ನಿನ್ನ ಚಿಕ್ಕಪ್ಪನ ಮಗನಿಗೆ ಮುಖ್ಯ; ಜಾಮೀನು ಸಿಕ್ಕಿತು ಅಂತ ಬಸ್ ಚಾಲಕನ ಕೆಲಸ ವಾಪಸ್ ಬಂತು ಅಂದುಕೊಂಡಿದ್ದಾನೆ. ತೀರ್ಪಿಗೇ ತಡೆ ಬೇರೆ ಕೇಳಬೇಕು, ಅದು ಸಿಗುವುದು ಅಪರೂಪ. 2025ರ ಮೇ ತಿಂಗಳಲ್ಲಿ ಹೈದರಾಬಾದಿನ ಸಿಬಿಐ ಕೋರ್ಟು ಜನಾರ್ದನ ರೆಡ್ಡಿಗೆ 7 ವರ್ಷ ಶಿಕ್ಷೆ ಕೊಟ್ಟಾಗ ಶಾಸಕ ಸ್ಥಾನ ಹೋಯಿತು. ಜೂನಿನಲ್ಲಿ ತೆಲಂಗಾಣ ಹೈಕೋರ್ಟು ತೀರ್ಪಿಗೇ ತಡೆ ಕೊಟ್ಟ ಮೇಲೆ ಅದು ಮರಳಿತು. ಬರೀ ಜಾಮೀನಾಗಿದ್ದರೆ ಮರಳುತ್ತಿರಲಿಲ್ಲ.

ಪೀಠದಲ್ಲಿ ಇಬ್ಬರೂ ಒಂದೇ ಹೇಳಬೇಕೆಂದೇನಿಲ್ಲ. ಉಮೇಶ್ ರೆಡ್ಡಿ ಕೇಸಿನಲ್ಲಿ 2007ರಲ್ಲಿ ನಮ್ಮ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ ಗಲ್ಲು ಅಂದರು, ಇನ್ನೊಬ್ಬರು ಜೀವಾವಧಿ ಅಂದರು. ಹಾಗಾದರೆ ಕಡತ ಮೂರನೆಯವರಿಗೆ ಹೋಗುತ್ತದೆ. 2009ರಲ್ಲಿ ಅವರು ಗಲ್ಲು ಅಂದರು, ಸುಪ್ರೀಂ ಕೋರ್ಟೂ ಒಪ್ಪಿತು. ಕೊನೆಗೆ 2022ರಲ್ಲಿ ಬೆಳಗಾವಿ ಜೈಲಿನಲ್ಲಿ ಅವನನ್ನು ವರ್ಷಗಟ್ಟಲೆ ಒಂಟಿ ಕೋಣೆಯಲ್ಲಿಟ್ಟದ್ದು ಕಾನೂನುಬಾಹಿರ ಅಂತ ಸುಪ್ರೀಂ ಕೋರ್ಟೇ ಗಲ್ಲನ್ನು ತಪ್ಪಿಸಿ, ಕನಿಷ್ಠ 30 ವರ್ಷದ ಜೈಲಿಗೆ ಇಳಿಸಿತು. ನಿಮ್ಮ ಕೇಸು ಅಷ್ಟು ದೂರ ಹೋಗಲಿಕ್ಕಿಲ್ಲ. ಹೈಕೋರ್ಟಿನ ಮೇಲೆ ಸುಪ್ರೀಂ ಕೋರ್ಟು ಸಾಮಾನ್ಯವಾಗಿ ಹಕ್ಕಲ್ಲ, ಅನುಮತಿ ಕೇಳಿ ಹೋಗುವುದು. ಇರುವ ಒಂದು ಪೂರಾ ಓದು ಹೈಕೋರ್ಟಿನದೇ ಅಂತ ತಿಳಿದು ಅಲ್ಲೇ ಬಲ ಹಾಕು.

ದುಡ್ಡಿನ ವಿಚಾರ. ಬೆಂಗಳೂರಿನಲ್ಲಿ ಗೊತ್ತಿರುವವರಿದ್ದಾರೆ ಅನ್ನುವವನನ್ನು ಜಗಲಿಯಿಂದ ಎಬ್ಬಿಸಿ ಕಳಿಸು. ಜೈಲಿನಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟು ಅಂತ ಕೇಳದೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿದೆ. ದಾವಣಗೆರೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಹೈಕೋರ್ಟಿಗೆ ಬೇರೆ ಕಾನೂನು ಸೇವಾ ಸಮಿತಿ ಇದೆ. ಜೈಲಿನಿಂದಲೇ ಅಧೀಕ್ಷಕರ ಕೈಗೆ ಅಪೀಲು ಅರ್ಜಿ ಕೊಟ್ಟರೂ ಅವರು ಅದನ್ನು ಕೋರ್ಟಿಗೆ ಕಳಿಸಲೇಬೇಕು. ಪುಕ್ಕಟೆ ವಕೀಲರು ಓದುವುದಿಲ್ಲ ಅಂತ ಜನ ಅನ್ನುತ್ತಾರೆ. ಓದದವರು ಇದ್ದಾರೆ, ಲಕ್ಷ ತಗೊಂಡು ಓದದವರನ್ನೂ ನಾನು ಕಂಡಿದ್ದೇನೆ. ಅಂದಹಾಗೆ ವಕೀಲರು ಬರಲಿಲ್ಲ ಅಂತ ಕ್ರಿಮಿನಲ್ ಅಪೀಲನ್ನು ಸುಮ್ಮನೆ ವಜಾ ಮಾಡುವಂತಿಲ್ಲ. ಕಡತ ಓದಿ, ಕೇಸಿನ ಗುಣಾವಗುಣ ನೋಡಿಯೇ ತೀರ್ಪು ಕೊಡಬೇಕು ಅಂತ 1996ರ ಬಾನಿ ಸಿಂಗ್ ತೀರ್ಪಿದೆ. ಸ್ವಂತ ವಕೀಲರನ್ನೇ ಇಡುವುದಾದರೆ ಫೀಸಿಗೆ ರಸೀದಿ ತಗೊ, ಕ್ರಿಮಿನಲ್ ಅಪೀಲಿನ ನಂಬರ್ ಕೇಳಿ ಬರೆದುಕೊ. ಆ ನಂಬರ್ ಇದ್ದರೆ ಕೇಸು ಯಾವತ್ತು ಬರುತ್ತದೆ ಅಂತ ಮೊಬೈಲಿನಲ್ಲೇ ನೋಡಬಹುದು. ನಂಬರ್ ಕೊಡಲು ಸಬೂಬು ಹೇಳುವವರು ಅಪೀಲನ್ನೇ ಹಾಕಿರುವುದಿಲ್ಲ.

ಕೊನೆಯದು, ನಿನಗೆ ಹಿಡಿಸಲಿಕ್ಕಿಲ್ಲ. ಸತ್ತವನ ಹೆಂಡತಿಯೂ ನನ್ನ ಹತ್ತಿರ ಬಂದಿದ್ದಳು. ಮೂರನೇ ಆರೋಪಿಯನ್ನು ಕೋರ್ಟು ಖುಲಾಸೆ ಮಾಡಿದೆಯಲ್ಲ, ಅದರ ವಿರುದ್ಧ ತಾನು ಹೋಗಬಹುದೇ ಅಂತ ಕೇಳಿದಳು. ಹೋಗಬಹುದು ಅಂದೆ. ಬಾಗಲಕೋಟೆಯ ಕಡೆಯ ಮಲ್ಲಿಕಾರ್ಜುನ ಕೊಡಗಲಿ ಎಂಬುವರ ಮೇಲೆ ಹಲ್ಲೆಯಾಗಿ, 2013ರಲ್ಲಿ ಆರೋಪಿಗಳ ಖುಲಾಸೆಯಾಗಿ, ಅವರು ಹಾಕಿದ ಅಪೀಲನ್ನು ಹೈಕೋರ್ಟು ಒಳಗೇ ಬಿಟ್ಟುಕೊಳ್ಳಲಿಲ್ಲ. ಅವರು ತೀರಿಕೊಂಡ ಮೇಲೆ ವಾರಸುದಾರರು ಮುಂದುವರಿಸಿದ ಆ ಕೇಸಿನಲ್ಲೇ 2018ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟು, ಸಂತ್ರಸ್ತರು ಯಾರ ಅನುಮತಿಯನ್ನೂ ಕೇಳದೆ ಅಪೀಲು ಹಾಕಬಹುದು ಅಂದದ್ದು. ಹಾಕಿದ ಮಾತ್ರಕ್ಕೆ ಗೆಲ್ಲುವುದಿಲ್ಲ ಅಂತಲೂ ಅವಳಿಗೆ ಹೇಳಿದೆ. ನಮ್ಮ ರಾಜ್ಯದ್ದೇ ಇನ್ನೊಂದು ಕೇಸು, 2007ರ ಚಂದ್ರಪ್ಪ ತೀರ್ಪು, ದೇಶದ ಕೋರ್ಟುಗಳೆಲ್ಲ ಅದನ್ನು ಎತ್ತಿ ಹೇಳುತ್ತವೆ: ಖುಲಾಸೆಯಾದವನ ಬೆನ್ನಿಗೆ ನಿರಪರಾಧಿ ಅನ್ನುವ ಊಹೆ ಎರಡು ಪಟ್ಟು ನಿಂತಿರುತ್ತದೆ, ಸಾಕ್ಷ್ಯದಿಂದ ಎರಡು ತೀರ್ಮಾನಕ್ಕೂ ಬರಬಹುದಾದರೆ ಖುಲಾಸೆಯನ್ನು ಕದಲಿಸಬಾರದು. ಶಿಕ್ಷೆಯ ವಿರುದ್ಧ ಹೋಗುವ ನಿಮಗಿಂತ ಖುಲಾಸೆಯ ವಿರುದ್ಧ ಹೋಗುವ ಅವಳ ದಾರಿ ಕಡಿದು. ಅವಳಿಗೆ ಮೊದಲು ಆಗಬೇಕಾದದ್ದು ಸಂತ್ರಸ್ತರ ಪರಿಹಾರ. ಅದೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಬರೆದುಕೊಟ್ಟಿದ್ದೇನೆ. ನೀನು ನಕಲಿಗೆ ಅಂತ ದಾವಣಗೆರೆಗೆ ಹೋದ ದಿನ ಅಲ್ಲೇ ಅವಳು ಎದುರಾಗಬಹುದು. ಎದುರಾದರೆ ದಾರಿ ಬಿಟ್ಟು ನಿಲ್ಲು, ಜೊತೆಗೆ ಬಂದ ಹುಡುಗರಿಗೂ ಹೇಳಿ ಕರೆದುಕೊಂಡು ಹೋಗು.